ಶುಶ್ರೂಷೆಯೂ ಒಂದು ದಾಸೋಹ: ಗುಣವಾಗದ ರೋಗ, ಆರೈಕೆ ಮಾಡುವವರು ಮತ್ತು ಶೋಕದ ಮನೆ

ಈ ಆರೋಗ್ಯ ವಿಭಾಗದಲ್ಲಿ ಋತುಚರ್ಯೆ, ಪಥ್ಯಾಹಾರ, ಸಂಧಿವಾತ, ಮಧುಮೇಹ ಮೊದಲಾದ ವಿಷಯಗಳನ್ನು ಕುರಿತು ನಾವು ಬರೆಯುತ್ತ ಬಂದಿದ್ದೇವೆ. ಅವೆಲ್ಲವೂ ರೋಗ ಬಾರದಂತೆ ತಡೆಯುವ, ಬಂದ ರೋಗವನ್ನು ಕಳೆಯುವ ಮಾರ್ಗಗಳು. ಆದರೆ ಪ್ರತಿಯೊಂದು ಮನೆಗೂ ಒಂದಲ್ಲ ಒಂದು ದಿನ ಗುಣವಾಗದ ರೋಗವೊಂದು ಬಂದು ನಿಲ್ಲುತ್ತದೆ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ತಂದೆ, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವ ಅತ್ತೆ, ಮರೆವಿನ ಕಾಯಿಲೆಯಿಂದ ಮಕ್ಕಳ ಗುರುತನ್ನೇ ಕಳೆದುಕೊಂಡ ಅಜ್ಜ, ಇಂಥವರನ್ನು ನೋಡಿಕೊಳ್ಳುವ ಬಗೆ ಹೇಗೆ? ಹಾಗೆ ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು? ಹಿರಿಯರು ಲಿಂಗೈಕ್ಯರಾದ ಮೇಲೆ ಉಳಿದವರ ದುಃಖಕ್ಕೆ ಉಪಚಾರವೇನು? ಸದ್ಭಕ್ತರು ನಮ್ಮ ಬಳಿ ಮೆಲ್ಲನೆಯ ದನಿಯಲ್ಲಿ ಕೇಳುವ ಈ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಚಿಕಿತ್ಸೆಯ ನಾಲ್ಕು ಪಾದಗಳು

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳಿವೆಯೆಂದು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ನಾಲ್ಕು ಕಾಲಿನ ಮಂಚಕ್ಕೆ ಒಂದು ಕಾಲು ಮುರಿದರೆ ಹೇಗೋ, ಚಿಕಿತ್ಸೆಗೆ ಇವುಗಳಲ್ಲಿ ಒಂದು ಇಲ್ಲದಿದ್ದರೂ ಹಾಗೆಯೇ. ಆರೈಕೆ ಮಾಡುವ ಪರಿಚಾರಕನನ್ನು ಆಚಾರ್ಯರು ವೈದ್ಯನ ಆಳೆಂದು ಎಣಿಸದೆ, ಚಿಕಿತ್ಸೆಯ ಕಾಲುಭಾಗವೆಂದೇ ಎಣಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಅವನಿಗೆ ನಾಲ್ಕು ಗುಣಗಳನ್ನೂ ವಿಧಿಸಿದ್ದಾರೆ. ಉಪಚಾರದ ಕ್ರಮವನ್ನು ತಿಳಿದಿರುವುದು, ಕೆಲಸದಲ್ಲಿ ದಕ್ಷತೆ, ರೋಗಿಯ ಮೇಲೆ ಪ್ರೀತಿ, ಮತ್ತು ಶುಚಿತ್ವ.

ಈ ನಾಲ್ಕರಲ್ಲಿ ಪ್ರೀತಿ ನಮ್ಮ ಮನೆಗಳಲ್ಲಿ ಧಾರಾಳವಾಗಿದೆ. ಕೊರತೆಯಿರುವುದು ಉಪಚಾರಜ್ಞಾನದಲ್ಲಿ. ಯಾರೂ ಕಲಿಸದ ಕೆಲಸವನ್ನು ಸೊಸೆಯೋ ಮಗಳೋ ಒಂದು ದಿನ ಇದ್ದಕ್ಕಿದ್ದಂತೆ ಹೊರಬೇಕಾಗುತ್ತದೆ. ಕಲಿಸದೆ ಇದ್ದುದಕ್ಕೆ ಆಮೇಲೆ ಅವಳನ್ನೇ ದೂರುವುದೂ ಉಂಟು. ಆದ್ದರಿಂದ ಈ ಲೇಖನದಲ್ಲಿ ಭಾವದ ಮಾತಿನೊಡನೆ ಕೆಲಸದ ಮಾತನ್ನೂ ವಿವರವಾಗಿಯೇ ಹೇಳುತ್ತೇವೆ.

ಗುಣವಾಗದ ರೋಗದಲ್ಲಿ ವೈದ್ಯನ ಕರ್ತವ್ಯ

ಆಯುರ್ವೇದವು ರೋಗಗಳನ್ನು ಸುಖಸಾಧ್ಯ, ಕಷ್ಟಸಾಧ್ಯ, ಯಾಪ್ಯ ಮತ್ತು ಅಸಾಧ್ಯ ಎಂದು ವಿಂಗಡಿಸುತ್ತದೆ. ಯಾಪ್ಯವೆಂದರೆ ಬುಡಸಮೇತ ಹೋಗದಿದ್ದರೂ ಪಥ್ಯ ಮತ್ತು ಔಷಧಗಳಿಂದ ಹಿಡಿತದಲ್ಲಿಟ್ಟುಕೊಳ್ಳಬಹುದಾದ ರೋಗ. ಅಸಾಧ್ಯ ರೋಗವನ್ನು ಗುಣಪಡಿಸುತ್ತೇನೆಂದು ಹೊರಡುವ ವೈದ್ಯನು ಹಣ, ವಿದ್ಯೆ, ಕೀರ್ತಿಗಳನ್ನು ಕಳೆದುಕೊಳ್ಳುತ್ತಾನೆಂದು ಚರಕರು ಎಚ್ಚರಿಸಿದ್ದಾರೆ. ಇಂದಿನ ದಿನಗಳಲ್ಲಿ ಹಣ ಕಳೆದುಕೊಳ್ಳುತ್ತಿರುವವರು ವೈದ್ಯರಿಗಿಂತ ಹೆಚ್ಚಾಗಿ ರೋಗಿಯ ಮನೆಯವರು. ಕ್ಯಾನ್ಸರು ದೇಹದ ತುಂಬ ಹರಡಿದ ಮೇಲೆಯೂ ಶತಪ್ರತಿಶತ ಗುಣವೆಂದು ಜಾಹೀರಾತು ನೀಡುವವರನ್ನು ನಂಬಿ ಹೊಲ ಮಾರಿದ, ಮಗಳ ಮದುವೆಗೆಂದು ಕೂಡಿಟ್ಟ ಬಂಗಾರವನ್ನು ಒತ್ತೆಯಿಟ್ಟ ಕುಟುಂಬಗಳನ್ನು ನಾವು ಕಂಡಿದ್ದೇವೆ. ಅಂಥ ಭರವಸೆಯನ್ನು ಆಯುರ್ವೇದದ ಹೆಸರಿನಲ್ಲಿ ಯಾರಾದರೂ ಕೊಟ್ಟರೆ ಅದು ಶಾಸ್ತ್ರಕ್ಕೆ ವಿರುದ್ಧವಾದುದು. ಆಸ್ಪತ್ರೆಯ ನೋವುನಿವಾರಕ, ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಯಾರದೋ ಮಾತು ಕೇಳಿ ನಿಲ್ಲಿಸುವುದು ಇನ್ನೂ ಅಪಾಯಕರ.

ಹಾಗಾದರೆ ಅಸಾಧ್ಯ ರೋಗಿಯನ್ನು ಕೈಬಿಡಬೇಕೇ? ಖಂಡಿತ ಇಲ್ಲ. ವೈದ್ಯನ ವೃತ್ತಿಯು ನಾಲ್ಕು ಬಗೆಯದೆಂದು ಚರಕರು ಹೇಳುತ್ತಾರೆ: ಎಲ್ಲರಲ್ಲಿ ಮೈತ್ರಿ, ನೊಂದವರಲ್ಲಿ ಕರುಣೆ, ಗುಣಪಡಿಸಬಲ್ಲ ರೋಗದಲ್ಲಿ ಉತ್ಸಾಹ, ಅಂತ್ಯದತ್ತ ಸಾಗುತ್ತಿರುವವರಲ್ಲಿ ಉಪೇಕ್ಷೆ. ಇಲ್ಲಿಯ ಉಪೇಕ್ಷೆಗೆ ಅಲಕ್ಷ್ಯವೆಂದು ಅರ್ಥ ಮಾಡಬಾರದು. ಗುಣಪಡಿಸಲೇಬೇಕೆಂಬ ಹಟವನ್ನು ಬಿಟ್ಟು, ಸಮಚಿತ್ತದಿಂದ ಜೊತೆಗಿರುವುದು ಎಂದು ನಾವು ತಿಳಿಯುತ್ತೇವೆ. ಮೈತ್ರಿ ಮತ್ತು ಕರುಣೆಗಳು ಆಗಲೂ ಉಳಿಯುತ್ತವೆ. ನೋವನ್ನು ಕಡಿಮೆ ಮಾಡುವ ಕೆಲಸವೂ ಉಳಿಯುತ್ತದೆ.

ನೋವಿಗೆ ನಾಲ್ಕು ಮುಖ

ಆಧುನಿಕ ವೈದ್ಯದಲ್ಲಿ ಈ ಕೆಲಸಕ್ಕೆ ಉಪಶಮನ ಆರೈಕೆ ಅಥವಾ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಕೊನೆಗೆ ವೈದ್ಯವಿದ್ಯೆಯನ್ನು ಕಲಿತು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಅನ್ನು ತೆರೆದರು. ರೋಗಿಯ ನೋವಿಗೆ ನಾಲ್ಕು ಮುಖಗಳಿವೆಯೆಂದು ಅವರು ತೋರಿಸಿಕೊಟ್ಟರು. ದೇಹದ ನೋವು, ಮನಸ್ಸಿನ ನೋವು, ಸಂಸಾರ ಹಾಗೂ ಹಣಕಾಸಿನ ಚಿಂತೆಯ ನೋವು, ಬದುಕಿನ ಅರ್ಥವನ್ನು ಕುರಿತ ಆಧ್ಯಾತ್ಮಿಕ ನೋವು. ಮಗಳ ಲಗ್ನ ಆಗಿಲ್ಲವೆಂದು ಕೊರಗುವ ತಂದೆಗೆ ಎಷ್ಟು ಮಾತ್ರೆ ಕೊಟ್ಟರೂ ನಿದ್ರೆ ಬಾರದು. ಅಣ್ಣತಮ್ಮಂದಿರು ಮಾತು ಬಿಟ್ಟಿರುವ ಮನೆಯಲ್ಲಿ ತಾಯಿಯ ಹೊಟ್ಟೆನೋವು ಇಮ್ಮಡಿಯಾಗುತ್ತದೆ. ಒಂದು ಮುಖವನ್ನಷ್ಟೇ ನೋಡಿ ಉಪಚರಿಸಿದರೆ ಉಳಿದ ಮೂರು ಹಾಗೆಯೇ ಉಳಿಯುತ್ತವೆ.

ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 5 ಕೋಟಿ 68 ಲಕ್ಷ ಜನರಿಗೆ ಇಂಥ ಆರೈಕೆ ಬೇಕಾಗುತ್ತದೆಂದೂ, ದೊರೆಯುವುದು ಶೇಕಡಾ 14 ಜನರಿಗೆ ಮಾತ್ರವೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ನೆರೆಯ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯ ವೈದ್ಯರು ಆರಂಭಿಸಿದ ಕೆಲಸವು ಊರೂರಿನ ಸ್ವಯಂಸೇವಕರ ಕೈಸೇರಿ, 2008ರಲ್ಲಿ ರಾಜ್ಯದ ಉಪಶಮನ ಆರೈಕೆ ನೀತಿಯಾಗಿ ರೂಪುಗೊಂಡಿತು. ಬೆಂಗಳೂರಿನ ಕರುಣಾಶ್ರಯವು ಕ್ಯಾನ್ಸರಿನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ಮಾರ್ಫಿನ್ ಔಷಧವನ್ನು ಕುರಿತು ಒಂದು ಮಾತು. ಕ್ಯಾನ್ಸರಿನ ತೀವ್ರ ನೋವಿಗೆ ವೈದ್ಯರು ಇದನ್ನು ಬರೆದುಕೊಟ್ಟಾಗ ಮನೆಯವರು ಚಟವಾದೀತೆಂದು ಅಂಜಿ ಕೊಡದೆ ಇರುತ್ತಾರೆ. ವೈದ್ಯರ ಮೇಲ್ವಿಚಾರಣೆಯಲ್ಲಿ, ನೋವಿನ ಅಳತೆಗೆ ತಕ್ಕಂತೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಆ ಭಯಕ್ಕೆ ಆಸ್ಪದ ಬಹಳ ಕಡಿಮೆ. ಮಲಬದ್ಧತೆ ಮಾತ್ರ ಬಹುತೇಕ ಎಲ್ಲರಿಗೂ ಆಗುವುದರಿಂದ ಅದಕ್ಕೆ ಔಷಧವನ್ನು ಮೊದಲ ದಿನದಿಂದಲೇ ಕೇಳಿ ಪಡೆಯಬೇಕು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಈ ಔಷಧವು ಅನೇಕ ವರ್ಷ ರೋಗಿಗಳಿಗೆ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿಯು ಆ ದಾರಿಯನ್ನು ಸುಗಮಗೊಳಿಸಿದೆ. ಹಿರಿಯರು ನೋವಿನಿಂದ ನರಳುವುದನ್ನು ಕರ್ಮಫಲವೆಂದು ನೋಡುತ್ತ ಕೂರುವುದು ಧರ್ಮವಲ್ಲ.

ಹಾಸಿಗೆಯ ಬಳಿಯ ಕೆಲಸ

ತಾವಾಗಿ ಹೊರಳಲಾರದ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಎಲುಬು, ಹಿಮ್ಮಡಿ, ಹೆಗಲ ಹಲಗೆ, ತಲೆಯ ಹಿಂಭಾಗ, ಇವು ಹಾಸಿಗೆ ಹುಣ್ಣು ಏಳುವ ಜಾಗಗಳು. ದಿನಕ್ಕೊಮ್ಮೆ ಬೆಳಕಿನಲ್ಲಿ ಇವನ್ನು ನೋಡಬೇಕು. ಚರ್ಮ ಕೆಂಪಾಗಿದ್ದು ಬೆರಳಿನಿಂದ ಒತ್ತಿದರೂ ಬೆಳ್ಳಗಾಗದಿದ್ದರೆ ಹುಣ್ಣು ಆರಂಭವಾಗಿದೆಯೆಂದೇ ತಿಳಿಯಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ರೂಢಿ ನಮ್ಮಲ್ಲಿದೆ. ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದೇ ಮೊದಲ ಉಪಚಾರ. ಗಾಳಿಹಾಸಿಗೆಯಿದ್ದರೆ ಒಳ್ಳೆಯದು, ಅದಿದ್ದರೂ ಮಗ್ಗುಲು ಬದಲಿಸುವುದನ್ನು ಬಿಡಬಾರದು. ಕೆಳಗೆ ಹಾಸಿದ ಬಟ್ಟೆ ಮಡಿಕೆಯಿಲ್ಲದೆ ಒಣಗಿರಬೇಕು. ಮೇಲೆ ಸರಿಸುವಾಗ ಕಂಕುಳಲ್ಲಿ ಕೈಹಾಕಿ ಎಳೆಯದೆ, ಮೈಕೆಳಗೆ ಒಂದು ದಪ್ಪ ಬಟ್ಟೆ ಹಾಸಿ, ಇಬ್ಬರು ಅದರ ಎರಡು ಅಂಚು ಹಿಡಿದು ಎತ್ತಿ ಸರಿಸಬೇಕು.

ಊಟ ಮಾಡಿಸುವಾಗ ತಲೆ ಮತ್ತು ಬೆನ್ನನ್ನು ದಿಂಬಿನಿಂದ ಎತ್ತರಿಸಿ ಕೂರಿಸಬೇಕು. ಮಲಗಿಸಿಕೊಂಡು ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಊಟವಾದ ಮೇಲೆ ಅರ್ಧ ಗಂಟೆ ಹಾಗೆಯೇ ಒರಗಿಸಿರಬೇಕು. ತೆಳು ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗೆ ಬೇಯಿಸಿದ ಅನ್ನ ಮಜ್ಜಿಗೆ ಇವು ಸುಲಭವಾಗಿ ಅರಗುತ್ತವೆ. ನುಂಗಲು ತ್ರಾಸವಿದ್ದವರಿಗೆ ತೀರ ತೆಳುವಾದುದಕ್ಕಿಂತ ಸ್ವಲ್ಪ ಗಟ್ಟಿಯಾದದ್ದು ಹಿತ. ಅಂಥವರಿಗೆ ಏನು ಕೊಡಬೇಕೆಂದು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮೂತ್ರಪಿಂಡದ ರೋಗವಿರುವವರಿಗೆ ಎಳನೀರನ್ನು ವೈದ್ಯರನ್ನು ಕೇಳದೆ ಕೊಡಬಾರದು. ದಿನಕ್ಕೆರಡು ಸಲ ಒದ್ದೆಬಟ್ಟೆಯಿಂದ ಬಾಯಿ, ನಾಲಗೆಗಳನ್ನು ಒರೆಸಿ, ತುಟಿಗೆ ತುಪ್ಪ ಸವರಬೇಕು. ರಾತ್ರಿ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆಯನ್ನು ಮೆಲ್ಲಗೆ ಸವರುವ ಪಾದಾಭ್ಯಂಗದಿಂದ ನಿದ್ರೆಗೆ ಅನುಕೂಲ. ಒಂದು ಕಾಲು ಮಾತ್ರ ಬಾತು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದಾದ್ದರಿಂದ ಮುಟ್ಟದೆ ವೈದ್ಯರಿಗೆ ತೋರಿಸಬೇಕು.

ಒಂದು ನೋಟುಪುಸ್ತಕವನ್ನು ದಿಂಬಿನ ಬಳಿ ಇಡುವುದು ಬಹಳ ಉಪಯುಕ್ತ. ಯಾವ ಹೊತ್ತಿಗೆ ಯಾವ ಔಷಧ ಕೊಟ್ಟದ್ದು, ಮಲಮೂತ್ರ, ಆಹಾರ, ನೋವು ಎಷ್ಟಿತ್ತು ಎಂಬುದನ್ನು ಬರೆದಿಟ್ಟರೆ ಪಾಳಿ ಬದಲಾದಾಗ ಗೊಂದಲವಾಗದು. ವೈದ್ಯರಿಗೂ ಅದರಿಂದ ಅನುಕೂಲ.

ಸತ್ಯವನ್ನು ಹೇಳುವ ಬಗೆ

ರೋಗಿಗೆ ರೋಗದ ಸ್ಥಿತಿಯನ್ನು ಹೇಳಬೇಕೇ ಬೇಡವೇ ಎಂಬುದು ಎಲ್ಲ ಮನೆಗಳ ಜಗಳ. ಸಮೀಪಿಸಿದ ಮರಣವನ್ನು ಕೇಳದವರಿಗೆ ವೈದ್ಯನು ಹೇಳಬಾರದು, ಕೇಳಿದರೂ ರೋಗಿಗಾಗಲಿ ಇತರರಿಗಾಗಲಿ ಆಘಾತವಾಗುವಂತಿದ್ದರೆ ಹೇಳಬಾರದು ಎಂದು ಚರಕರ ಇಂದ್ರಿಯಸ್ಥಾನದ ಕೊನೆಯ ಅಧ್ಯಾಯವು ಹೇಳುತ್ತದೆ. ಈ ವಿಧಿಯನ್ನು ಸುಳ್ಳು ಹೇಳಲು ಕೊಟ್ಟ ಅಪ್ಪಣೆಯೆಂದು ತಿಳಿಯಬಾರದು. ಎಷ್ಟನ್ನು, ಯಾವಾಗ ಹೇಳಬೇಕೆಂಬ ವಿವೇಕವನ್ನು ಅದು ಬೇಡುತ್ತದೆ. ಇಂದು ತನ್ನ ರೋಗದ ವಿಷಯವನ್ನು ತಿಳಿಯುವ ಹಕ್ಕು ರೋಗಿಗಿದೆ. ಆಸ್ತಿ, ಸಾಲ, ಮಕ್ಕಳ ವಿಷಯಗಳನ್ನು ಅವರು ತಾವೇ ಇತ್ಯರ್ಥಗೊಳಿಸಬೇಕಾಗಿರುತ್ತದೆ. ಎಲ್ಲರೂ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆಂದು ರೋಗಿಗೆ ಗೊತ್ತಾದರೆ ಅವರು ತುಂಬಿದ ಮನೆಯಲ್ಲಿಯೂ ಒಂಟಿಯಾಗುತ್ತಾರೆ.

ನಾವು ಅನುಸರಿಸುವ ಕ್ರಮ ಸರಳವಾದುದು. ಮೊದಲು ಅವರಿಗೆ ಎಷ್ಟು ತಿಳಿದಿದೆಯೆಂದು ಕೇಳುತ್ತೇವೆ. ಇನ್ನೂ ತಿಳಿಯುವ ಇಚ್ಛೆಯಿದೆಯೇ ಎಂದು ಕೇಳುತ್ತೇವೆ. ಇಚ್ಛೆಯಿದ್ದಷ್ಟನ್ನೇ, ಅವರ ಆಡುಮಾತಿನಲ್ಲಿ, ಕೈ ಹಿಡಿದು ಹೇಳುತ್ತೇವೆ. ಹೇಳಿದ ಮೇಲೆ ಎದ್ದುಹೋಗದೆ ಸುಮ್ಮನೆ ಕುಳಿತಿರುತ್ತೇವೆ. ಇಂತಿಷ್ಟೇ ದಿನವೆಂದು ಲೆಕ್ಕ ಕೊಡುವುದಿಲ್ಲ. ನೋವಾಗದಂತೆ ನೋಡಿಕೊಳ್ಳುತ್ತೇವೆ, ಬಿಟ್ಟುಹೋಗುವುದಿಲ್ಲ ಎಂಬ ಎರಡು ಮಾತುಗಳನ್ನು ಮಾತ್ರ ಖಚಿತವಾಗಿ ಕೊಡುತ್ತೇವೆ. ಮನೆಯವರೂ ಈ ಕ್ರಮವನ್ನು ಅನುಸರಿಸಬಹುದು.

ಇನ್ನೊಂದು ವಿಷಯವನ್ನು ಆರೋಗ್ಯವಾಗಿರುವಾಗಲೇ ಮಾತನಾಡಿಕೊಳ್ಳಬೇಕು. ಗುಣವಾಗುವ ಆಸೆಯಿಲ್ಲದಾಗ ಕೃತಕ ಉಸಿರಾಟದ ಯಂತ್ರ ಮೊದಲಾದವು ತನಗೆ ಬೇಡವೆಂದು ಮೊದಲೇ ಬರೆದಿಡುವ ಇಚ್ಛಾಪತ್ರವನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿತು. 2023ರಲ್ಲಿ ಕ್ರಮವನ್ನು ಸುಲಭಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಇಂಥ ಪತ್ರವಿದ್ದರೆ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಮಕ್ಕಳು ತಮ್ಮತಮ್ಮಲ್ಲಿ ಕಾದಾಡುವ ಸಂದರ್ಭ ತಪ್ಪುತ್ತದೆ.

ಆರೈಕೆ ಮಾಡುವವರ ಓಜಸ್ಸು

ದೇಹದ ಸಾರವಾದ ಓಜಸ್ಸು ಕ್ಷಯಿಸುವ ಕಾರಣಗಳನ್ನು ಚರಕರು ಎಣಿಸಿದ್ದಾರೆ. ಊಟ ಬಿಡುವುದು, ಒಣಕಲಾದ ಅಲ್ಪ ಆಹಾರ, ಅತಿಶ್ರಮ, ಚಿಂತೆ, ಭಯ, ಶೋಕ, ರಾತ್ರಿ ಜಾಗರಣೆ. ಈ ಪಟ್ಟಿಯನ್ನು ಓದುವಾಗ ರೋಗಿಯನ್ನು ನೋಡಿಕೊಳ್ಳುವ ಗೃಹಿಣಿಯ ದಿನಚರಿಯನ್ನೇ ಓದಿದಂತಾಗುತ್ತದೆ. ಓಜಸ್ಸು ಕುಂದಿದವರ ಲಕ್ಷಣಗಳೂ ಹಾಗೆಯೇ ಇವೆ: ಕಾರಣವಿಲ್ಲದ ಅಂಜಿಕೆ, ಬಲಹೀನತೆ, ಒಂದೇ ಯೋಚನೆಯಲ್ಲಿ ಮುಳುಗಿರುವುದು, ಇಂದ್ರಿಯಗಳ ದಣಿವು, ಮುಖದ ಕಾಂತಿ ಕುಂದುವುದು, ಮನಸ್ಸು ಮುದುಡುವುದು, ಮೈ ಸೊರಗುವುದು. ಇವುಗಳಲ್ಲಿ ಮೂರು ನಾಲ್ಕು ನಿಮ್ಮಲ್ಲಿ ಕಂಡರೆ ನೀವೂ ಚಿಕಿತ್ಸೆ ಬೇಕಾದವರೇ.

ಸೊಂಟನೋವೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದ ಒಬ್ಬ ತಾಯಿಯನ್ನು ಪೂರ್ತಿ ರಾತ್ರಿ ಮಲಗಿದ್ದು ಯಾವಾಗವೆಂದು ಕೇಳಿದೆವು. “ಅತ್ತಿಯವರಿಗೆ ಲಕ್ವಾ ಹೊಡದಾಗಿಂದ ಇಲ್ರಿ ಡಾಕ್ಟ್ರ, ಮೂರು ವರ್ಷಾತು” ಎಂದರು. ಎಣ್ಣೆ, ಕಷಾಯಗಳನ್ನು ಬರೆದುಕೊಟ್ಟ ಮೇಲೆಯೂ ಏಳದೆ ಕುಳಿತಿದ್ದರು. ಕೊನೆಗೆ ದನಿ ತಗ್ಗಿಸಿ, “ಒಂದೊಂದು ರಾತ್ರಿ, ಇವರು ಲಗೂನ ಹೋದ್ರ ಬೇಷಿತ್ತು ಅನಸ್ತದರಿ. ನಾ ಪಾಪಿ ಏನ್ರಿ?” ಎಂದು ಕೇಳಿದರು. ಪಾಪಿಯಲ್ಲ ತಾಯಿ, ದಣಿದವರು ಎಂದು ಹೇಳಿದೆವು. ಆ ಯೋಚನೆಯಲ್ಲಿ ಅತ್ತೆಯ ಮೇಲಿನ ದ್ವೇಷವಿರುವುದಿಲ್ಲ. ಈ ಸಂಕಟ ಮುಗಿಯಲೆಂಬ ಬಯಕೆ ಮಾತ್ರ ಇರುತ್ತದೆ. ದೀರ್ಘಕಾಲ ಶುಶ್ರೂಷೆ ಮಾಡಿದ ಎಷ್ಟೋ ಜನರಲ್ಲಿ ಇದು ಸುಳಿದುಹೋಗುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮರುವಾರ ಅವರ ಪತಿಯನ್ನೂ ನಾದಿನಿಯನ್ನೂ ಕರೆಸಿ, ವಾರದ ಏಳು ರಾತ್ರಿಗಳನ್ನು ಹಂಚಿಕೊಡಿಸಿದೆವು. ಸೊಂಟನೋವಿಗೆ ನಾವು ಕೊಟ್ಟ ಔಷಧಗಳಲ್ಲಿ ಆ ಹಂಚಿಕೆಯೇ ಹೆಚ್ಚು ಕೆಲಸ ಮಾಡಿತು.

ಆದ್ದರಿಂದ ಮನೆಯ ಯಜಮಾನರು ಮೊದಲು ಮಾಡಬೇಕಾದುದು ಪಾಳಿಯ ವ್ಯವಸ್ಥೆ. ವಾರದಲ್ಲಿ ಕನಿಷ್ಠ ಎರಡು ರಾತ್ರಿ ಪೂರ್ತಿ ನಿದ್ರೆ, ಹೊತ್ತಿಗೆ ಬಿಸಿಯೂಟ, ದಿನಕ್ಕೆ ಅರ್ಧ ಗಂಟೆಯಾದರೂ ಮನೆಯ ಹೊರಗೆ ಗಾಳಿ ಬೆಳಕಿನಲ್ಲಿ ನಡೆದಾಡುವ ಅವಕಾಶ, ಇವು ಆರೈಕೆ ಮಾಡುವವರಿಗೆ ಬೇಕೇ ಬೇಕು. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇರುವ ಮಕ್ಕಳು ಹಣ ಕಳಿಸಿದರೆ ಋಣ ತೀರಿತೆಂದು ತಿಳಿಯಬಾರದು. ವರ್ಷಕ್ಕೊಮ್ಮೆ ಬಂದು ಆರೈಕೆಯಲ್ಲಿ ದೋಷ ಹುಡುಕುವ ಬದಲು, ಒಂದು ವಾರ ತಾವೇ ಹಾಸಿಗೆಯ ಬಳಿ ನಿಂತು ಅತ್ತಿಗೆಗೋ ತಂಗಿಗೋ ವಿಶ್ರಾಂತಿ ಕೊಡುವುದು ದೊಡ್ಡ ಉಪಕಾರ. ಗಂಡುಮಕ್ಕಳೂ ಮೈ ಒರೆಸುವ, ಬೆಡ್‌ಪ್ಯಾನ್ ಇಡುವ ಕೆಲಸಗಳನ್ನು ಕಲಿಯಬೇಕು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಒಪ್ಪಿದ ನಮಗೆ ಇದರಲ್ಲಿ ಸಂಕೋಚವೇಕೆ?

ಮನಸ್ಸಿಗೆ ಆಯುರ್ವೇದವು ಸತ್ತ್ವಾವಜಯ ಚಿಕಿತ್ಸೆಯನ್ನು ಹೇಳಿದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತರುವುದು ಅದರ ತಿರುಳು. ಇದಕ್ಕೆ ಬೇರೆ ಸಮಯವಿಲ್ಲದವರಿಗೆ ಒಂದು ಚಿಕ್ಕ ಅಭ್ಯಾಸವನ್ನು ಸೂಚಿಸುತ್ತೇವೆ. ರೋಗಿಯ ಕೋಣೆಗೆ ಹೋಗುವ ಮುನ್ನ ಹೇಗೂ ಕೈ ತೊಳೆಯುತ್ತೀರಿ. ಆಗ ನೀರಿನ ಸ್ಪರ್ಶದ ಮೇಲೆ ಗಮನವಿಟ್ಟು ಮೂರು ಸಲ ನಿಧಾನವಾಗಿ ಉಸಿರು ಎಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ಬಿಡಿ. ಎರಡೂ ಪಾದಗಳು ನೆಲದ ಮೇಲೆ ಊರಿವೆಯೆಂಬುದನ್ನು ಅರಿಯಿರಿ. ಮನಸ್ಸಿನಲ್ಲಿ ಈಗ ಸಿಟ್ಟಿದೆ, ಅಥವಾ ಅಂಜಿಕೆಯಿದೆ, ಅಥವಾ ದಣಿವಿದೆ ಎಂದು ಹೆಸರಿಟ್ಟು ಗುರುತಿಸಿ. ಅದನ್ನು ಓಡಿಸಲು ಹೋಗಬೇಡಿ. ಅನಂತರ ಒಳಗೆ ಹೋಗಿ. ಅರ್ಧ ನಿಮಿಷದ ಈ ಕ್ರಮದಿಂದ ಎಷ್ಟೋ ಕಟುಮಾತುಗಳು ನಾಲಗೆಯಲ್ಲಿಯೇ ನಿಲ್ಲುತ್ತವೆ. ನಿತ್ಯ ಇಷ್ಟಲಿಂಗ ಪೂಜೆ ಮಾಡುವವರಿಗೆ ಇದು ಕಷ್ಟವಲ್ಲ. ಕರಸ್ಥಲದಲ್ಲಿ ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವನ್ನೇ ರೋಗಿಯ ಮುಖದ ಮೇಲೆ ನಿಲ್ಲಿಸಿದಂತೆ. ಶುಶ್ರೂಷೆಯ ದಿನಗಳಲ್ಲಿ ಪೂಜೆಗೆ ಹೆಚ್ಚು ಹೊತ್ತು ಸಿಗದಿದ್ದರೆ ಅಪರಾಧವೆಂದು ಕೊರಗಬೇಕಾಗಿಲ್ಲ.

ಕೊನೆಯ ದಿನಗಳು

ಅಂತ್ಯ ಸಮೀಪಿಸಿದಾಗ ದೇಹದಲ್ಲಿ ಕೆಲವು ಬದಲಾವಣೆಗಳು ಕಾಣುತ್ತವೆ. ಇವನ್ನು ಮೊದಲೇ ತಿಳಿದಿದ್ದರೆ ಗಾಬರಿ ಕಡಿಮೆ. ರೋಗಿ ಹೆಚ್ಚು ಹೊತ್ತು ನಿದ್ರಿಸುತ್ತಾರೆ. ಹಸಿವು, ನೀರಡಿಕೆಗಳು ಇಳಿಯುತ್ತವೆ. ಮೂತ್ರ ಕಡಿಮೆಯಾಗುತ್ತದೆ. ಕೈಕಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿ ಮಚ್ಚೆಗಳು ಮೂಡಬಹುದು. ಉಸಿರು ಕೆಲವೊಮ್ಮೆ ವೇಗವಾಗಿ, ಕೆಲವು ಕ್ಷಣ ನಿಂತು, ಮತ್ತೆ ಆರಂಭವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ; ಕೇಳುವವರಿಗೆ ಅದು ಸಂಕಟವೆನಿಸಿದರೂ ಆ ಹೊತ್ತಿಗೆ ಅರಿವು ಇಳಿದಿರುವುದರಿಂದ ರೋಗಿಗೆ ಅಷ್ಟು ಬಾಧೆಯಿರುವುದಿಲ್ಲವೆಂದು ವೈದ್ಯರ ಅಭಿಪ್ರಾಯ. ಒಂದು ಮಗ್ಗುಲಿಗೆ ಮಲಗಿಸಿ ತಲೆಯನ್ನು ಸ್ವಲ್ಪ ಎತ್ತರಿಸಿದರೆ ಸದ್ದು ತಗ್ಗುತ್ತದೆ. ನೋವು, ತಳಮಳ, ಉಸಿರುಕಟ್ಟುವಿಕೆ ಕಂಡರೆ ಮಾತ್ರ ತಡಮಾಡದೆ ವೈದ್ಯರನ್ನು ಕರೆಯಬೇಕು. ಕೊನೆಯ ಗಳಿಗೆಯಲ್ಲಿಯೂ ಅವಕ್ಕೆ ಔಷಧವಿದೆ.

ಊಟ ಬಿಟ್ಟರೆಂದು ಬಾಯಿ ತೆರೆಸಿ ತುರುಕುವುದು ಪ್ರೀತಿಯಿಂದ ಮಾಡುವ ಹಿಂಸೆ. ದೇಹ ತನ್ನ ಕೆಲಸಗಳನ್ನು ಮುಗಿಸುತ್ತಿರುವಾಗ ಅನ್ನ ಅದಕ್ಕೆ ಭಾರ. ಊಟ ನಿಂತುದರಿಂದ ಸಾಯುತ್ತಿದ್ದಾರೆಂದು ಕೊರಗಬೇಡಿ. ಸಾಯುತ್ತಿರುವುದರಿಂದ ಊಟ ನಿಂತಿದೆ. ಹಿರಿಯರು ಪಾದೋದಕ ಬಯಸಿದರೆ ಚಮಚದಲ್ಲಿ ಸುರಿಯದೆ, ಶುಚಿಯಾದ ಅರಳೆಯನ್ನು ಅದ್ದಿ ತುಟಿ ನಾಲಗೆಗಳನ್ನು ತೇವ ಮಾಡಿದರೆ ಅವರ ಭಾವಕ್ಕೂ ತೃಪ್ತಿ, ಉಸಿರಿಗೂ ಅಡ್ಡಿಯಿಲ್ಲ. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ, ಅವರಿಗೆ ಪ್ರಿಯವಾದ ವಚನಗಳನ್ನು ಮೆಲುದನಿಯಲ್ಲಿ ಹೇಳುವ ನಮ್ಮ ಪರಿಪಾಠವು ವೈದ್ಯದೃಷ್ಟಿಯಿಂದಲೂ ಉಚಿತವಾದುದು. ಮಾತು ನಿಂತ ಮೇಲೆಯೂ ಕೇಳುವ ಶಕ್ತಿ ಉಳಿದಿರಬಹುದೆಂದು ಅಧ್ಯಯನಗಳು ಸೂಚಿಸಿವೆ. ಆದುದರಿಂದ ಆಸ್ತಿಯ ಮಾತು, ಅಳುವಿನ ಅಬ್ಬರ ಆ ಕೋಣೆಯಲ್ಲಿ ಬೇಡ. ಕ್ಷಮೆ ಕೇಳುವುದಿದ್ದರೆ ಕೇಳಿ, ಕ್ಷಮಿಸಿದ್ದೇವೆಂದು ಹೇಳಿ, ಉಪಕಾರ ಸ್ಮರಿಸಿ, ನಮ್ಮ ಚಿಂತೆ ಮಾಡಬೇಡಿರೆಂದು ಬೀಳ್ಕೊಡಿ.

ನೇತ್ರದಾನದ ಇಚ್ಛೆಯಿದ್ದರೆ 6 ಗಂಟೆಗಳೊಳಗೆ ನಡೆಯಬೇಕಾದ್ದರಿಂದ ನೇತ್ರ ಭಂಡಾರದ ಸಂಖ್ಯೆಯನ್ನು ಮೊದಲೇ ಬರೆದಿಟ್ಟಿರಬೇಕು. ಮನೆಯಲ್ಲಿ ಲಿಂಗೈಕ್ಯರಾದರೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಂದ ಮರಣದ ಕಾರಣದ ಪ್ರಮಾಣಪತ್ರ ಪಡೆದು 21 ದಿನಗಳೊಳಗೆ ನೋಂದಾಯಿಸಬೇಕು.

ಕಣ್ಣೀರಿನ ವೇಗ

ತಡೆಯಬಾರದ 13 ವೇಗಗಳನ್ನು ಚರಕರು ಎಣಿಸಿದ್ದಾರೆ. ಮಲ, ಮೂತ್ರ, ಸೀನು, ಹಸಿವು, ನಿದ್ರೆ ಮೊದಲಾದವುಗಳ ಜೊತೆಗೆ ಬಾಷ್ಪ, ಅಂದರೆ ಕಣ್ಣೀರೂ ಅದರಲ್ಲಿದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದಯದ ರೋಗ, ಅರುಚಿ, ತಲೆಸುತ್ತು ಉಂಟಾಗುತ್ತವೆಂದೂ, ಅದಕ್ಕೆ ಹೇಳಿದ ಉಪಚಾರಗಳಲ್ಲಿ ನಿದ್ರೆ ಮತ್ತು ಪ್ರಿಯವಾದ ಮಾತುಕತೆಗಳು ಸೇರಿವೆಯೆಂದೂ ಅಲ್ಲಿದೆ. ಅದೇ ಅಧ್ಯಾಯವು ಲೋಭ, ಭಯ, ಕ್ರೋಧಗಳಂತೆ ಶೋಕದ ವೇಗವನ್ನು ತಡೆಯಬೇಕೆಂದೂ ಹೇಳುತ್ತದೆ. ಇದರಲ್ಲಿ ವಿರೋಧವಿಲ್ಲ. ಕಣ್ಣೀರು ಹರಿಯಲಿ, ಶೋಕವು ನಮ್ಮನ್ನು ಊಟ, ನಿದ್ರೆ, ಕಾಯಕಗಳಿಂದ ಬಿಡಿಸಿ ಎಳೆದೊಯ್ಯದಿರಲಿ ಎಂಬುದೇ ತಾತ್ಪರ್ಯ. ಗಂಡಸರು ಅಳಬಾರದೆಂಬ ಮಾತಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ.

ಶೋಕಕ್ಕೆ ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳಿವೆಯೆಂದು ಎಲ್ಲೆಡೆ ಬರೆಯುತ್ತಾರೆ. 1969ರಲ್ಲಿ ಎಲಿಸಬೆತ್ ಕ್ಯೂಬ್ಲರ್ ರಾಸ್ ಅವರು ಇವನ್ನು ವಿವರಿಸಿದ್ದು ಮರಣ ಸಮೀಪಿಸಿದ ರೋಗಿಗಳನ್ನು ಕುರಿತು. ಎಲ್ಲರೂ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಏರಲೇಬೇಕೆಂದಿಲ್ಲ. ಒಂದು ದಿನ ನಕ್ಕು, ಮರುದಿನ ಹಬ್ಬದ ಅಡುಗೆಯ ವಾಸನೆಗೆ ಅಳು ಉಕ್ಕಿಬರುವುದು ಸಹಜ. ದೀರ್ಘ ಶುಶ್ರೂಷೆ ಮಾಡಿದವರಿಗೆ ದುಃಖದೊಡನೆ ನಿರಾಳವೂ ಆಗುತ್ತದೆ. ಆಮೇಲೆ ಆ ನಿರಾಳಕ್ಕಾಗಿಯೇ ಸಂಕಟಪಡುತ್ತಾರೆ. ಅದೂ ಸಹಜವೇ. ಮಕ್ಕಳಿಗೆ ಅಜ್ಜ ಮಲಗಿದ್ದಾರೆ, ಊರಿಗೆ ಹೋಗಿದ್ದಾರೆ ಎಂದು ಹೇಳಿದರೆ ಅವು ಮಲಗಲು ಹೆದರುತ್ತವೆ, ದಾರಿ ಕಾಯುತ್ತವೆ. ದೇಹದ ಕೆಲಸ ನಿಂತಿದೆ, ಇನ್ನು ತಿರುಗಿ ಬರುವುದಿಲ್ಲ ಎಂದು ಸರಳವಾಗಿ ಹೇಳಿ ಅಪ್ಪಿಕೊಳ್ಳುವುದು ಮೇಲು.

ಆರು ತಿಂಗಳು ಕಳೆದರೂ ದುಃಖ ಮೊದಲ ವಾರದಷ್ಟೇ ತೀವ್ರವಾಗಿದ್ದು, ನಿತ್ಯದ ಕೆಲಸಗಳು ಸಾಗದಿದ್ದರೆ, ಅದಕ್ಕೆ ಚಿಕಿತ್ಸೆ ಬೇಕು. ಬದುಕು ಸಾಕೆಂಬ ಮಾತು ಬಂದರೆ, ಕುಡಿತ ಹೆಚ್ಚಿದರೆ, ಒಂದು ದಿನವನ್ನೂ ಕಾಯಬಾರದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಭಕ್ತ ಸಮುದಾಯದ ಪಾಲು

ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಮರಣದ ಸೂತಕವೂ ಅವುಗಳಲ್ಲೊಂದು. ಸಾವಿನ ಮನೆಗೆ ಮೈಲಿಗೆಯಿಲ್ಲವೆಂದ ಮೇಲೆ ಅಲ್ಲಿಗೆ ಹೋಗಲು, ಉಣ್ಣಲು, ಉಣಿಸಲು, ಜೊತೆಗೆ ಕೂರಲು ಅಡ್ಡಿಯಿಲ್ಲ. ಶೋಕದ ವೈದ್ಯವನ್ನು ಕಂಡವರಿಗೆ ಈ ತತ್ತ್ವದ ಬೆಲೆ ಏನೆಂದು ಗೊತ್ತು. ದುಃಖಿತರನ್ನು ದೂರವಿಡದಿರುವುದೇ ಅವರಿಗೆ ಅರ್ಧ ಔಷಧ. ಆದರೆ ನಡೆಯುತ್ತಿರುವುದೇನು? ಶಿವಗಣಾರಾಧನೆಯವರೆಗೆ ಮನೆ ತುಂಬಿರುತ್ತದೆ; ಮರುದಿನ ಖಾಲಿಯಾಗುತ್ತದೆ. ನಿಜವಾದ ಒಂಟಿತನ ಅಂದಿನಿಂದ ಆರಂಭ. ಆದುದರಿಂದ ಎರಡನೆಯ ತಿಂಗಳಲ್ಲಿ ಒಮ್ಮೆ, ಮೊದಲ ಹಬ್ಬದಂದು ಒಮ್ಮೆ, ವರ್ಷದ ಪುಣ್ಯತಿಥಿಯಂದು ಒಮ್ಮೆ ಹೋಗಿ ಕುಳಿತುಬನ್ನಿ. ಹೋದಾಗ ಏನು ಬೇಕಾದರೂ ಕೇಳಿರೆಂದರೆ ಯಾರೂ ಕೇಳುವುದಿಲ್ಲ. ಗುರುವಾರದ ರೊಟ್ಟಿ ಪಲ್ಯ ನಮ್ಮ ಮನೆಯದು, ಶನಿವಾರ ರಾತ್ರಿ ನಾವು ಕಾಯುತ್ತೇವೆ, ಆಸ್ಪತ್ರೆಗೆ ನಮ್ಮ ಹುಡುಗ ಜೊತೆಗೆ ಬರುತ್ತಾನೆ ಎಂದು ಹೇಳಿದರೆ ಅದು ಸಹಾಯ. ದೇವರ ಇಚ್ಛೆ, ವಯಸ್ಸಾಗಿತ್ತು ಎಂಬ ಸಮಾಧಾನಗಳನ್ನು ಕಡಿಮೆ ಮಾಡಿ, ಹೋದವರ ಹೆಸರು ಹಿಡಿದು ಅವರ ಒಂದು ಒಳ್ಳೆಯ ನೆನಪನ್ನು ಹೇಳಿರಿ.

ಊರಿನ ಅಕ್ಕನ ಬಳಗದವರು, ಯುವಕ ಸಂಘದವರು ಸೇರಿ ಒಂದು ಗಾಳಿಹಾಸಿಗೆ, ಒಂದು ಗಾಲಿಕುರ್ಚಿ, ಒಂದು ಮಡಚುವ ಮಂಚವನ್ನು ಕೊಂಡು ಬೇಕಾದ ಮನೆಗೆ ಕೊಟ್ಟು ತಿರುಗಿ ಪಡೆಯುವ ವ್ಯವಸ್ಥೆ ಮಾಡಬಹುದು. ಮಗ್ಗುಲು ಬದಲಿಸುವ, ಮೈ ಒರೆಸುವ ಕ್ರಮವನ್ನು ಊರಿನ ಹತ್ತು ಜನರಿಗೆ ಒಬ್ಬ ದಾದಿಯಿಂದ ಒಂದು ಮಧ್ಯಾಹ್ನ ಕಲಿಸಿದರೂ ಸಾಕು. ಹಸಿದವರಿಗೆ ಅನ್ನವಿಕ್ಕುವುದು ದಾಸೋಹವಾದಂತೆ, ಜಾಗರಣೆಯಿಂದ ಬಳಲಿದ ತಾಯಿಗೆ ಒಂದು ರಾತ್ರಿಯ ನಿದ್ರೆಯನ್ನು ಕೊಡುವುದೂ ದಾಸೋಹವೇ. ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರಿರುವ ಮನೆ ಯಾವುದೆಂದು ನಿಮಗೆ ಗೊತ್ತಿದೆ. ಈ ಸಂಚಿಕೆಯನ್ನು ಮಡಚಿಟ್ಟು ಇಂದು ಸಂಜೆಯೇ ಅಲ್ಲಿಗೆ ಹೋಗಿಬನ್ನಿ ಎಂದು ವಿನಂತಿಸುತ್ತೇವೆ.